ಬಾಸ್ಕರ್‌ವಿಲ್: ಕಾಗದ, ಮಸಿ ಸಮೇತ ಹುಟ್ಟಿದ ಅಕ್ಷರ

ಇಂಗ್ಲಿಷ್ ಪುಸ್ತಕಕ್ಕೆ ಫಾಂಟ್ ಹುಡುಕಲು ಹೊರಟವರು ಒಂದಲ್ಲ ಒಂದು ಹೊತ್ತಿಗೆ ಬಾಸ್ಕರ್‌ವಿಲ್ ಹತ್ತಿರ ಬಂದು ನಿಲ್ಲುತ್ತಾರೆ. ಮ್ಯಾಕ್‌ನಲ್ಲಿ ಅದು ಇದ್ದೇ ಇರುತ್ತದೆ, ಕಿಂಡಲ್‌ನ ಪಟ್ಟಿಯಲ್ಲೂ ಸಿಗುತ್ತದೆ. ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ನೋಡಿದರೆ ಬಹಳ ಚೆಂದ. ಗಂಭೀರವಾಗಿದೆ, ಆದರೆ ಮುಖ ಗಂಟು ಹಾಕಿಕೊಂಡಿಲ್ಲ. ಸರಿ, ಇದೇ ಇರಲಿ ಅಂತ ಇಡೀ ಪುಸ್ತಕವನ್ನು 9 ಪಾಯಿಂಟ್‌ನಲ್ಲಿ ಕಂಪೋಸ್ ಮಾಡಿಸಿ ಮಾಮೂಲಿ ಕಾಗದದ ಮೇಲೆ ಅಚ್ಚು ಹಾಕಿಸಿದರೆ ಪುಟ ಸಪ್ಪೆಯಾಗಿ ಬರುತ್ತದೆ. ಅಕ್ಷರಗಳು ಮಾಸಿದಂತೆ ಕಾಣುತ್ತವೆ. ಸಣ್ಣ ಗೆರೆಗಳು ಅಲ್ಲಲ್ಲಿ ಹಾರಿಹೋಗಿರುತ್ತವೆ.

ಇದರಲ್ಲಿ ಪ್ರೆಸ್ಸಿನವರ ತಪ್ಪು ಏನೂ ಇಲ್ಲದಿರಬಹುದು. ಫಾಂಟ್ ಕೆಟ್ಟದ್ದು ಅಂತಲೂ ಅಲ್ಲ. ಬಾಸ್ಕರ್‌ವಿಲ್ ಅಕ್ಷರ ಹುಟ್ಟಿದ್ದೇ ತನ್ನದೇ ಆದ ಕಾಗದ, ತನ್ನದೇ ಮಸಿ, ತನ್ನದೇ ಪ್ರೆಸ್ ಜೊತೆಗೆ. ಆ ಸಂಸಾರದಲ್ಲಿ ನಮ್ಮ ಕೈಗೆ ಬಂದಿರುವುದು ಆಕಾರ ಒಂದೇ. ಮಿಕ್ಕಿದ್ದನ್ನು ನಾವೇ ಹೊಂದಿಸಿಕೊಳ್ಳಬೇಕು. ಹೇಗೆ ಅನ್ನುವುದಕ್ಕೆ ಅದು ಹೇಗೆ ತಯಾರಾಯಿತು ಅಂತ ಸ್ವಲ್ಪ ತಿಳಿದಿರಬೇಕು.

ದಪ್ಪ ಎಲ್ಲಿ, ಸಣ್ಣ ಎಲ್ಲಿ

ಮೊದಲು ಸೆರಿಫ್ ಅಂದರೇನು ನೋಡಿಬಿಡೋಣ. ರೋಮನ್ ಲಿಪಿಯ ಕ್ಯಾಪಿಟಲ್ 'ಐ' ಅಕ್ಷರದ ತಲೆಗೂ ಬುಡಕ್ಕೂ ಚಿಕ್ಕ ಅಡ್ಡಗೀಟು ಇರುತ್ತದಲ್ವಾ, ಅದೇ ಸೆರಿಫ್. ಇದು ಅಚ್ಚುಕೂಟಕ್ಕಿಂತ ಎಷ್ಟೋ ಹಳೆಯದು. ರೋಮ್ ನಗರದ ಟ್ರೇಜನ್ ಸ್ತಂಭದ ಬುಡದಲ್ಲಿ ಕ್ರಿ.ಶ. 113ರ ಒಂದು ಶಾಸನವಿದೆ. ಅದರ ಅಕ್ಷರಗಳಲ್ಲೇ ಸೆರಿಫ್ ಪಕ್ಕಾ ರೂಪಕ್ಕೆ ಬಂದಾಗಿದೆ.

ಸೆರಿಫ್ ಇರುವ ಫಾಂಟ್‌ಗಳೆಲ್ಲ ಮೇಲುನೋಟಕ್ಕೆ ಒಂದೇ ಥರ. ವ್ಯತ್ಯಾಸ ಹಿಡಿಯಲು ಮೂರು ಕಡೆ ಕಣ್ಣು ಹಾಯಿಸಿದರೆ ಸಾಕು. ದುಂಡಗಿನ 'ಓ' ಅಕ್ಷರದಲ್ಲಿ ಅತಿ ಸಣ್ಣ ಜಾಗ ಎಲ್ಲಿದೆ? ದಪ್ಪ ಗೆರೆಗೂ ಸಣ್ಣ ಗೆರೆಗೂ ಎಷ್ಟು ಅಂತರ? ಸೆರಿಫ್ ತನ್ನ ಕಂಬಕ್ಕೆ, ಅಂದರೆ ಅಕ್ಷರದ ನೆಟ್ಟಗಿನ ಗೆರೆಗೆ, ಬಾಗಿ ಸೇರುತ್ತದೋ, ನೇರವಾಗಿ ಕಡಿದಂತೆ ಸೇರುತ್ತದೋ?

1470ರಲ್ಲಿ ವೆನಿಸ್‌ನಲ್ಲಿ ನಿಕೊಲಾ ಜೆನ್ಸನ್ ಮಾಡಿದ ಅಕ್ಷರ, 16ನೇ ಶತಮಾನದಲ್ಲಿ ಪ್ಯಾರಿಸ್‌ನ ಗ್ಯಾರಮೊಂಡ್ ಮಾಡಿದ್ದು, 18ನೇ ಶತಮಾನದ ಮೊದಲರ್ಧದಲ್ಲಿ ಲಂಡನ್‌ನ ವಿಲಿಯಂ ಕ್ಯಾಸ್ಲನ್ ಕೆತ್ತಿದ್ದು, ಇವೆಲ್ಲ ಹಳೆಯ ಧಾಟಿಯವು. ಇವುಗಳ 'ಓ' ಸ್ವಲ್ಪ ಎಡಕ್ಕೆ ವಾಲಿದೆ. ಸಣ್ಣ ಜಾಗ ನೆತ್ತಿಯಲ್ಲಿಲ್ಲ, ನೆತ್ತಿಯಿಂದ ಕೊಂಚ ಎಡಕ್ಕಿದೆ. ದಪ್ಪ ಸಣ್ಣಗಳ ಅಂತರ ಕಡಿಮೆ. ಶತಮಾನದ ಕೊನೆಗೆ ಬಂದ ಇಟಲಿಯ ಬೊಡೋನಿ, ಫ್ರಾನ್ಸಿನ ದಿದೋ ಪೂರ್ತಿ ಬೇರೆ. 'ಓ' ನೆಟ್ಟಗೆ ನಿಂತಿದೆ, ದಪ್ಪ ಗೆರೆ ಬಹಳ ದಪ್ಪ, ಸಣ್ಣದು ಕೂದಲೆಳೆ. ಸೆರಿಫ್ ಅಂದರೆ ಬರೀ ಒಂದು ತೆಳು ಗೆರೆ.

ಬಾಸ್ಕರ್‌ವಿಲ್ ಇವೆರಡರ ನಡುವೆ ಬರುತ್ತದೆ. 'ಓ' ಹೆಚ್ಚುಕಮ್ಮಿ ನೆಟ್ಟಗಾಗಿದೆ, ಅಂತರ ಹೆಚ್ಚಿದೆ, ಆದರೆ ಸೆರಿಫ್ ಇನ್ನೂ ಮೆಲ್ಲಗೆ ಬಾಗಿಯೇ ಕಂಬಕ್ಕೆ ಸೇರುತ್ತದೆ. ಹಾಗಾಗಿ ಪುಸ್ತಕಗಳಲ್ಲಿ ಇದಕ್ಕೆ ಟ್ರಾನ್ಸಿಷನಲ್, ಅಂದರೆ ನಡುಹಂತದ್ದು, ಅಂತ ಹಣೆಪಟ್ಟಿ ಹಚ್ಚಿದ್ದಾರೆ. ನನಗೆ ಈ ಹಣೆಪಟ್ಟಿ ಅಷ್ಟು ಹಿಡಿಸುವುದಿಲ್ಲ. ಈ ಅಕ್ಷರ ಮಾಡಿದ ಜಾನ್ ಬಾಸ್ಕರ್‌ವಿಲ್ ಬೊಡೋನಿಗೆ ದಾರಿ ಮಾಡಿಕೊಡಲು ಕೂತಿರಲಿಲ್ಲ. ಬೊಡೋನಿ, ದಿದೋ ಇಬ್ಬರೂ ಇವನ ಪುಸ್ತಕಗಳನ್ನು ನೋಡಿ ಕಲಿತರು ಅನ್ನುವುದು ನಿಜ, ಅಷ್ಟೇ.

ಕೈಬರಹದ ಮೇಷ್ಟ್ರು

ಜಾನ್ ಬಾಸ್ಕರ್‌ವಿಲ್ ಇಂಗ್ಲೆಂಡಿನ ವುಸ್ಟರ್‌ಶೈರ್‌ನವನು. ಬದುಕು ಕಟ್ಟಿಕೊಂಡದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಶುರುವಿನಲ್ಲಿ ಕೈಬರಹ ಕಲಿಸುವ ಮೇಷ್ಟ್ರಾಗಿದ್ದ, ಜೊತೆಗೆ ಸಮಾಧಿ ಕಲ್ಲು ಕೆತ್ತುತ್ತಿದ್ದ. ಆ ಕಾಲದ ಒಂದು ಸ್ಲೇಟ್ ಕಲ್ಲಿನ ಫಲಕ ಈಗಲೂ ಬರ್ಮಿಂಗ್‌ಹ್ಯಾಮ್‌ನ ಗ್ರಂಥಾಲಯದಲ್ಲಿದೆ. ಯಾವ ಬರಹ ಬೇಕೋ ಆ ಬರಹದಲ್ಲಿ ಸಮಾಧಿ ಕಲ್ಲು ಕೆತ್ತಿಕೊಡುತ್ತೇನೆ ಅಂತ ಅದರಲ್ಲಿ ಬರೆದುಕೊಂಡಿದ್ದಾನೆ. ಬರೀ ಮಾತಿನಲ್ಲಲ್ಲ. ಒಂದೊಂದು ಸಾಲನ್ನು ಒಂದೊಂದು ಥರದ ಅಕ್ಷರದಲ್ಲಿ ಕೆತ್ತಿ ತೋರಿಸಿದ್ದಾನೆ. ಆ ಪುಟ್ಟ ಕಲ್ಲೇ ಅವನ ಜಾಹೀರಾತು.

ಅಕ್ಷರದ ಆಕಾರಕ್ಕೆ ಈ ಮೇಷ್ಟ್ರಗಿರಿ ಯಾಕೆ ಮುಖ್ಯ ಅಂದರೆ, ಅಷ್ಟು ಹೊತ್ತಿಗೆ ಇಂಗ್ಲೆಂಡಿನಲ್ಲಿ ಬರೆಯುವ ಲೇಖನಿಯೇ ಬದಲಾಗಿತ್ತು. ಹಳೆಯ ಲೇಖನಿಯ ತುದಿ ಅಗಲ. ಅದನ್ನು ಓರೆಯಾಗಿ ಹಿಡಿದು ಬರೆಯುತ್ತಿದ್ದರು. ಕೈ ಯಾವ ದಿಕ್ಕಿಗೆ ಹೋಗುತ್ತದೆ ಅನ್ನುವುದರ ಮೇಲೆ ಗೆರೆ ದಪ್ಪವೋ ಸಣ್ಣವೋ ಆಗುತ್ತಿತ್ತು. 'ಓ' ವಾಲುವುದಕ್ಕೆ ಆ ಓರೆ ಹಿಡಿತವೇ ಕಾರಣ. ಹೊಸ ಲೇಖನಿಯ ತುದಿ ಚೂಪು, ಒತ್ತಿದರೆ ಸೀಳು ಬಿಚ್ಚಿಕೊಳ್ಳುತ್ತದೆ. ಕೆಳಕ್ಕೆ ಎಳೆಯುವಾಗ ಒತ್ತಬಹುದು, ಗೆರೆ ದಪ್ಪ ಬರುತ್ತದೆ. ಮೇಲಕ್ಕೆ ಒಯ್ಯುವಾಗ ಒತ್ತಿದರೆ ತುದಿ ಕಾಗದಕ್ಕೆ ಚುಚ್ಚಿಕೊಳ್ಳುತ್ತದೆ. ಆದ್ದರಿಂದ ಕೈ ಹಗುರ ಮಾಡಲೇಬೇಕು, ಗೆರೆ ಸಣ್ಣಗಾಗುತ್ತದೆ. ಇಲ್ಲಿ ದಪ್ಪ ಬರುವುದು ಒತ್ತಡದಿಂದ, ಅದೂ ಲಂಬ ಗೆರೆಗಳಿಗೆ ಮಾತ್ರ. ಹೀಗೆ 'ಓ' ನೆಟ್ಟಗೆ ನಿಂತುಕೊಂಡಿತು.

ಫ್ರಾನ್ಸಿನಲ್ಲಿ ಇದಕ್ಕೆ ಅರ್ಧ ಶತಮಾನ ಮುಂಚೆಯೇ, 1690ರ ದಶಕದಲ್ಲಿ, ರಾಜನ ಅಚ್ಚುಕೂಟಕ್ಕಾಗಿ ವಿಜ್ಞಾನ ಅಕಾಡೆಮಿಯ ಒಂದು ಸಮಿತಿ ಕೂತು ಚೌಕುಳಿ ಹಾಕಿ, ಸ್ಕೇಲು ಕೈವಾರ ಹಿಡಿದು ಹೊಸ ಅಕ್ಷರ ರಚಿಸಿತ್ತು. ಆ ಅಕ್ಷರವೂ ನೆಟ್ಟಗೇ ನಿಂತಿದೆ. ಆದರೆ ಅಲ್ಲಿ ಲೆಕ್ಕಾಚಾರ ಎದ್ದು ಕಾಣುತ್ತದೆ. ಬಾಸ್ಕರ್‌ವಿಲ್‌ನದು ಕೈಗೆ ಮೈಗೂಡಿದ ಅಭ್ಯಾಸ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಲೆಯ ಪರಿಚಯ ಇಲ್ಲದವರಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ದುಡ್ಡು ಮಾತ್ರ ಬೇರೆ ಕಡೆಯಿಂದ ಬಂತು. ಲೋಹದ ತಟ್ಟೆ, ಡಬ್ಬಿಗಳಿಗೆ ಥಳಥಳ ಹೊಳೆಯುವ ವಾರ್ನಿಷ್ ಹಚ್ಚಿ ಮಾರುವ ಕಸುಬಿನಲ್ಲಿ ಅವನು ಚೆನ್ನಾಗಿ ಸಂಪಾದಿಸಿದ. 1742ರಲ್ಲಿ ಇದಕ್ಕೆ ಸಂಬಂಧಪಟ್ಟ ಪೇಟೆಂಟನ್ನೂ ಪಡೆದ. ನಲವತ್ತು ದಾಟಿದ ಮೇಲೆ, ಸುಮಾರು 1750ರಲ್ಲಿ, ಆ ದುಡ್ಡನ್ನೆಲ್ಲ ತಂದು ಅಚ್ಚುಮೊಳೆಗೆ ಸುರಿಯಲು ಶುರುಮಾಡಿದ.

ಉಕ್ಕಿನಿಂದ ಪುಟದವರೆಗೆ

ಆಗಿನ ಕಾಲದಲ್ಲಿ ಒಂದು ಅಕ್ಷರ ತಯಾರಾಗಬೇಕಾದರೆ ಮೊದಲು ಉಕ್ಕಿನ ಸಣ್ಣ ಕಡ್ಡಿಯ ತುದಿಯಲ್ಲಿ ಅದನ್ನು ತಿರುಗುಮುರುಗಾಗಿ ಕೆತ್ತಬೇಕು. ಇದು ಪಂಚ್. ಅರ ಹಾಕಿ, ಉಜ್ಜಿ, ದೀಪದ ಹೊಗೆಯ ಕಪ್ಪು ಹಿಡಿಸಿ ಕಾಗದಕ್ಕೆ ಒತ್ತಿ ನೋಡಬೇಕು. ಸರಿ ಕಂಡರೆ ಕಾಯಿಸಿ ಹದ ಮಾಡಿ ಗಟ್ಟಿಯಾಗಿಸಬೇಕು. ಅದನ್ನು ತಾಮ್ರದ ತುಂಡಿಗೆ ಹೊಡೆದರೆ ಅಕ್ಷರದ ಗುಳಿ ಬೀಳುತ್ತದೆ. ಆ ಗುಳಿಯನ್ನು ಎರಕದ ಅಚ್ಚಿಗೆ ಹೊಂದಿಸಿ ಸೀಸದ ಮಿಶ್ರಣ ಸುರಿದರೆ ಮೊಳೆ ಸಿಗುತ್ತದೆ. ಬಾಸ್ಕರ್‌ವಿಲ್ ತಾನೇ ಪಂಚ್ ಕೆತ್ತಲಿಲ್ಲ. ಆಕಾರ ಅವನದು, ಕೆತ್ತಿದವನು ಜಾನ್ ಹ್ಯಾಂಡಿ ಅನ್ನುವ ಕಸುಬುದಾರ. ಇವನ ಹೆಸರು ಎಲ್ಲೂ ಜಾಸ್ತಿ ಕೇಳಿಬರುವುದಿಲ್ಲ. ಕೂದಲೆಳೆಯಂಥ ಗೆರೆಯನ್ನು ಉಕ್ಕಿನಲ್ಲಿ ಉಳಿಸಿದ್ದು ಇವನ ಕೈ ಅನ್ನುವುದನ್ನು ಮರೆಯಬಾರದು.

ಪ್ರತಿ ಸೈಜಿಗೂ ಬೇರೆ ಬೇರೆ ಪಂಚ್ ಕೆತ್ತಬೇಕಿತ್ತು ಅನ್ನುವುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಮೊಳೆ ತಯಾರಾದರೆ ಕೆಲಸ ಮುಗಿಯಿತು ಅನ್ನುವ ಹಾಗಿರಲಿಲ್ಲ. ಆಗಿನ ಪ್ರೆಸ್‌ಗಳಲ್ಲಿ ಕಾಗದದ ಹಿಂದೆ ಮೆತ್ತನೆಯ ಉಣ್ಣೆ ಬಟ್ಟೆ ಇಟ್ಟು ಒತ್ತುತ್ತಿದ್ದರು. ಒದ್ದೆ ಮಾಡಿದ ಕಾಗದ ಮೊಳೆಯ ಸುತ್ತ ಕುಸಿಯುತ್ತಿತ್ತು. ಮಸಿ ಅಕ್ಷರದ ಅಂಚು ದಾಟಿ ಹರಡುತ್ತಿತ್ತು. ಅಚ್ಚಾದ ಅಕ್ಷರ ಮೊಳೆಗಿಂತ ದಪ್ಪ ಕಾಣುತ್ತಿತ್ತು. ಕ್ಯಾಸ್ಲನ್ ಥರದ ಅಕ್ಷರಗಳು ಈ ಒರಟುತನವನ್ನು ತಡೆದುಕೊಳ್ಳುತ್ತವೆ, ಅದರಿಂದ ಅವುಗಳ ಚೆಲುವು ಒಂಚೂರು ಹೆಚ್ಚುತ್ತದೆ ಅಂತಲೂ ಹೇಳಬಹುದು. ಬಾಸ್ಕರ್‌ವಿಲ್‌ನ ಸಣ್ಣ ಗೆರೆಗಳ ಕಥೆ ಮಾತ್ರ ಅಲ್ಲಿಗೆ ಮುಗಿದಂತೆ. ಎಲ್ಲವೂ ಮಸಿಯಲ್ಲಿ ಮುಳುಗಿಹೋಗುತ್ತವೆ.

ಹಾಗಾಗಿ ಅವನು ಒಂದೊಂದನ್ನೇ ಬದಲಿಸುತ್ತಾ ಹೋದ. ಪ್ರೆಸ್ಸಿನ ಒತ್ತುವ ಹಲಗೆಯನ್ನು ಲೋಹದಲ್ಲಿ ಸಪಾಟಾಗಿ ಮಾಡಿಸಿದ. ಮೆತ್ತನೆಯ ಬಟ್ಟೆ ತೆಗೆದು ತೆಳುವಾದ, ಗಟ್ಟಿಯಾದ ಹಾಸು ಹಾಕಿದ. ಈಗ ಮೊಳೆ ಕಾಗದದೊಳಕ್ಕೆ ಇಳಿಯುವುದಿಲ್ಲ, ಮೇಲ್ಮೈಯನ್ನು ಮುಟ್ಟಿ ಬರುತ್ತದೆ ಅಷ್ಟೇ. ಮಸಿಯನ್ನೂ ತಾನೇ ತಯಾರಿಸಿದ. ಅಚ್ಚಿನ ಮಸಿ ಅಂದರೆ ಕುದಿಸಿದ ಅಗಸೆ ಎಣ್ಣೆಯ ವಾರ್ನಿಷ್ ಮತ್ತು ದೀಪದ ಕಾಡಿಗೆ ತಾನೇ. ವಾರ್ನಿಷ್ ವ್ಯಾಪಾರಿಗೆ ಅದರ ಹದ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಪುಟದ ಕಪ್ಪು ಆಗಿನ ಬೇರೆ ಪುಸ್ತಕಗಳ ಕಪ್ಪಿಗಿಂತ ಗಾಢ.

ಇನ್ನು ಕಾಗದ. ಆಗ ಕಾಗದವನ್ನು ಸಾಲು ತಂತಿಗಳ ಜರಡಿಯಲ್ಲಿ ಎತ್ತುತ್ತಿದ್ದರು. ಬೆಳಕಿಗೆ ಹಿಡಿದರೆ ತಂತಿಯ ಗೆರೆಗಳು ಕಾಣುತ್ತವೆ, ಕೈಯಾಡಿಸಿದರೆ ಏರುತಗ್ಗು ಗೊತ್ತಾಗುತ್ತದೆ. ತಗ್ಗು ಬಂದ ಕಡೆ ಸಣ್ಣ ಗೆರೆ ಮುರಿಯುತ್ತದೆ. ಕೆಂಟ್ ಪ್ರಾಂತ್ಯದ ಜೇಮ್ಸ್ ವಾಟ್‌ಮನ್ ಕಾರ್ಖಾನೆಯಲ್ಲಿ ಬಟ್ಟೆಯಂತೆ ನೇಯ್ದ ಸಣ್ಣ ತಂತಿ ಜಾಲರಿ ಬಳಸಿ ನುಣ್ಣನೆಯ ಕಾಗದ ಮಾಡಿದರು. ಬಾಸ್ಕರ್‌ವಿಲ್‌ನ ಮೊದಲ ಪುಸ್ತಕ, 1757ರ ವರ್ಜಿಲ್ ಕವಿಯ ಕಾವ್ಯ, ಅರ್ಧದಷ್ಟಲ್ಲದಿದ್ದರೂ ಒಂದಷ್ಟು ಭಾಗ ಈ ಕಾಗದದ ಮೇಲೆ ಅಚ್ಚಾಯಿತು. ಇಷ್ಟಕ್ಕೂ ಅವನಿಗೆ ಸಮಾಧಾನ ಇಲ್ಲ. ಅಚ್ಚಾದ ಹಾಳೆಗಳನ್ನು ಕಾಯಿಸಿದ ತಾಮ್ರದ ತಗಡುಗಳ ನಡುವೆ ಇಟ್ಟು ಒತ್ತಿಸಿದ. ಹಾಳೆಗೆ ಇಸ್ತ್ರಿ ಹಾಕಿದ ಬಟ್ಟೆಯ ನಯ ಬಂತು, ಮಸಿಗೆ ಹೊಳಪು ಬಂತು.

ಶುರುಮಾಡಿದ ಮೇಲೆ ಮೊದಲ ಪುಸ್ತಕ ಬರಲು ಆರೇಳು ವರ್ಷ ಹಿಡಿಯಿತು. ಪುಟ ತೆರೆದರೆ ಅಲಂಕಾರ ಅಂತ ಏನೂ ಇಲ್ಲ. ಬಳ್ಳಿ ಇಲ್ಲ, ಹೂವಿಲ್ಲ. ಅಗಲವಾದ ಮಾರ್ಜಿನ್, ಸಾಲುಗಳ ನಡುವೆ ಧಾರಾಳ ಜಾಗ, ಶೀರ್ಷಿಕೆಯಲ್ಲಿ ಬಿಡಿಬಿಡಿಯಾಗಿ ನಿಂತ ಕ್ಯಾಪಿಟಲ್ ಅಕ್ಷರಗಳು. ಈಗ ನಮಗಿದು ಮಾಮೂಲಿ. ಆಗ ಅಲ್ಲ.

ಕಣ್ಣು ಕುರುಡಾಗುತ್ತದಂತೆ!

ಆಗಿನ ಮುದ್ರಕರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಹೊಳಪು ಜಾಸ್ತಿ, ಗೆರೆ ಸಣ್ಣ, ಓದಿದರೆ ಕಣ್ಣು ನೋಯುತ್ತದೆ ಅಂತ ದೂರು. ಇದರ ಬಗ್ಗೆ ಬೆಂಜಮಿನ್ ಫ್ರಾಂಕ್ಲಿನ್ 1760ರಲ್ಲಿ ಬಾಸ್ಕರ್‌ವಿಲ್‌ಗೆ ಬರೆದ ಒಂದು ಪತ್ರವಿದೆ. ಫ್ರಾಂಕ್ಲಿನ್ ತಾನೂ ಮುದ್ರಕ, ಇವನ ಅಭಿಮಾನಿ. ಒಬ್ಬ ಮಹಾಶಯರು ಬಾಸ್ಕರ್‌ವಿಲ್ ಅಕ್ಷರ ಇಡೀ ದೇಶದ ಓದುಗರನ್ನು ಕುರುಡು ಮಾಡುತ್ತದೆ ಅಂದರಂತೆ. ಫ್ರಾಂಕ್ಲಿನ್ ಒಳಗೆ ಹೋಗಿ ಕ್ಯಾಸ್ಲನ್ ಅಕ್ಷರಗಳ ಒಂದು ಮಾದರಿ ಹಾಳೆ ತೆಗೆದು, ಮೇಲಿನ ಹೆಸರು ಹರಿದುಹಾಕಿ, ಇಗೋ ಬಾಸ್ಕರ್‌ವಿಲ್ ಅಂತ ಕೈಗಿತ್ತ. ಆ ಮಹಾಶಯರು ಅದರಲ್ಲೇ ಒಂದೊಂದಾಗಿ ದೋಷ ತೋರಿಸುತ್ತಾ ಹೋದರು. ಕಣ್ಣು ನೋಯುತ್ತಿದೆ ಅಂತಲೂ ಅಂದರು. ದಿನಾ ಅವರು ಓದುತ್ತಿದ್ದದ್ದು ಆ ಕ್ಯಾಸ್ಲನ್ ಅಕ್ಷರವನ್ನೇ. ಅವರಿಗೆ ಮುಜುಗರ ಆಗದಿರಲಿ ಅಂತ ಫ್ರಾಂಕ್ಲಿನ್ ಸುಮ್ನೆ ಇದ್ದುಬಿಟ್ಟ.

ಕಥೆ ಮಜವಾಗಿದೆ, ಬಾಸ್ಕರ್‌ವಿಲ್ ಪರ ವಾದಿಸುವವರು ಇದನ್ನು ಎತ್ತದೆ ಬಿಡುವುದಿಲ್ಲ. ಆದರೂ ಆ ದೂರಿನಲ್ಲಿ ಹುರುಳೇ ಇರಲಿಲ್ಲ ಅನ್ನಲಾರೆ. ಸೈಜು ಚಿಕ್ಕದಾದಷ್ಟೂ, ಕಾಗದ ಕೆಟ್ಟದಾದಷ್ಟೂ ಈ ಅಕ್ಷರದ ಸಣ್ಣ ಗೆರೆ ಕಣ್ಣಿಗೆ ಶ್ರಮ ಕೊಡುತ್ತದೆ.

ಗುರುತು ಹಿಡಿಯುವುದು

ಒಂದು ಪುಟ ಬಾಸ್ಕರ್‌ವಿಲ್‌ನಲ್ಲಿದೆಯೋ ಇಲ್ಲವೋ ಅಂತ ತಿಳಿಯಲು ಸಣ್ಣ 'ಜಿ' ಹುಡುಕಿ. ಈ ಅಕ್ಷರಕ್ಕೆ ಮೇಲೊಂದು, ಕೆಳಗೊಂದು ಸುತ್ತು ಇರುತ್ತದೆ. ಬಹಳಷ್ಟು ಫಾಂಟ್‌ಗಳಲ್ಲಿ ಕೆಳಗಿನ ಸುತ್ತು ಪೂರ್ತಿ ಮುಚ್ಚಿಕೊಳ್ಳುತ್ತದೆ. ಇಲ್ಲಿ ಮುಚ್ಚುವುದಿಲ್ಲ. ಗೆರೆ ಸುತ್ತಿ ಬಂದು, ಇನ್ನೇನು ಸೇರಬೇಕು ಅನ್ನುವಷ್ಟರಲ್ಲಿ ನಿಂತುಬಿಡುತ್ತದೆ. ಎಡಗಡೆ ಒಂದು ಸಣ್ಣ ಬಾಗಿಲು ತೆರೆದೇ ಇರುತ್ತದೆ. ಲೇಖನಿ ಎತ್ತಿದ ಜಾಗ ಅದು. ಬರೆಯುವ ಕೈ ಹಾಗೆ ಮಾಡುತ್ತದೆ, ಸ್ಕೇಲು ಹಿಡಿದ ಕೈ ಮಾಡುವುದಿಲ್ಲ.

ಆಮೇಲೆ ಕ್ಯಾಪಿಟಲ್ 'ಕ್ಯೂ'. ಅದರ ಬಾಲ ಸಾಲಿನ ಕೆಳಗೆ ಬೀಸಿಕೊಂಡು ಬಲಕ್ಕೆ ಹೋಗುತ್ತದೆ. ಇಡೀ ಫಾಂಟಿನಲ್ಲಿ ಸ್ವಲ್ಪ ಶೋಕಿ ಮಾಡಿರುವುದು ಇಲ್ಲಿ ಮಾತ್ರ. ಕ್ಯಾಪಿಟಲ್ 'ಇ' ಅಕ್ಷರದ ಮೂರು ತೋಳುಗಳಲ್ಲಿ ಕೆಳಗಿನದು ಉದ್ದ. 'ಜೆ' ಸಾಲಿನಿಂದ ಕೆಳಗಿಳಿಯುತ್ತದೆ. 'ಸಿ' ಅಕ್ಷರಕ್ಕೆ ಮೇಲೂ ಸೆರಿಫ್, ಕೆಳಗೂ ಸೆರಿಫ್. 'ಡಬ್ಲ್ಯೂ' ಅಕ್ಷರದ ನಡುವಿನ ಶಿಖರಕ್ಕೆ ಸೆರಿಫ್ ಇಲ್ಲ. ಇಟಾಲಿಕ್ ಅಕ್ಷರಗಳಂತೂ ನೇರವಾಗಿ ಮೇಷ್ಟ್ರ ಕಾಪಿ ಪುಸ್ತಕದಿಂದ ಬಂದ ಹಾಗಿವೆ. ಇಟಾಲಿಕ್‌ನ ಕೆಲವು ಕ್ಯಾಪಿಟಲ್‌ಗಳ ತಲೆ ಸಣ್ಣಗೆ ಅಲೆಯಂತೆ ಬಳುಕುತ್ತದೆ.

ಇದರ ಜೊತೆಗೆ ಅಕ್ಷರಗಳು ಅಗಲವಾಗಿವೆ. ದುಂಡಗಿನ ಅಕ್ಷರಗಳ ಒಳಗೆ ಬೆಳಕು ಜಾಸ್ತಿ. ಇದರ ಲಾಭ ಓದುಗರಿಗೆ, ನಷ್ಟ ಪ್ರಕಾಶಕರಿಗೆ. ಅದೇ ಪಠ್ಯ ಟೈಮ್ಸ್ ಫಾಂಟಿಗಿಂತ ಇಲ್ಲಿ ಹೆಚ್ಚು ಪುಟ ತಿನ್ನುತ್ತದೆ. ಟೈಮ್ಸ್ ಹುಟ್ಟಿದ್ದೇ ಪತ್ರಿಕೆಯ ಇಕ್ಕಟ್ಟು ಕಾಲಂಗಳಿಗಾಗಿ ತಾನೇ.

ಕಳೆದು ಸಿಕ್ಕಿದ್ದು

1758ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಅವನನ್ನು ತನ್ನ ಮುದ್ರಕನಾಗಿ ನೇಮಿಸಿಕೊಂಡಿತು. 1763ರಲ್ಲಿ ದೊಡ್ಡ ಆಕಾರದ ಬೈಬಲ್ ಬಂತು. ದೇವರನ್ನು ನಂಬದ ಮನುಷ್ಯ ಮಾಡಿದ ಬೈಬಲ್ ಅದು. ಅವನ ಕೆಲಸದಲ್ಲೆಲ್ಲ ಅದೇ ಶ್ರೇಷ್ಠ ಅಂತ ಈಗ ಹೊಗಳುತ್ತಾರೆ. ಆಗ ಚೆನ್ನಾಗಿ ಮಾರಾಟವಾಗಲಿಲ್ಲ. 1775ರಲ್ಲಿ ಅವನು ತೀರಿಕೊಂಡ. ಹೆಂಡತಿ ಸಾರಾ ಮೊಳೆ, ಪಂಚ್ ಎಲ್ಲವನ್ನೂ 1779ರಲ್ಲಿ ಫ್ರಾನ್ಸಿನ ನಾಟಕಕಾರ ಬೋಮಾರ್ಶೆಗೆ ಮಾರಿದಳು. ಅವನಿಗೆ ವೋಲ್ಟೇರ್‌ನ ಸಮಗ್ರ ಬರಹ ಅಚ್ಚು ಮಾಡಬೇಕಿತ್ತು. ಫ್ರಾನ್ಸಿನಲ್ಲಿ ಸೆನ್ಸಾರ್ ಕಾಟ. ರೈನ್ ನದಿ ದಾಟಿ ಕೇಲ್ ಅನ್ನುವ ಊರಿನಲ್ಲಿ ಪ್ರೆಸ್ ಹಾಕಿದ. ಅಲ್ಲಿಂದ ಮುಂದೆ ಆ ಪಂಚ್‌ಗಳು ಫ್ರಾನ್ಸಿನಲ್ಲಿ ಮೊಳೆ ಎರಕ ಹೊಯ್ಯುವ ಫೌಂಡ್ರಿಗಳಲ್ಲಿ ಕೈಯಿಂದ ಕೈಗೆ ಹೋದವು. ಯಾರ ಅಕ್ಷರ ಅನ್ನುವುದೇ ಮರೆತುಹೋಯಿತು.

20ನೇ ಶತಮಾನದಲ್ಲಿ ಮತ್ತೆ ಜೀವ ಬಂತು. 1923ರಲ್ಲಿ ಇಂಗ್ಲೆಂಡಿನ ಮೊನೊಟೈಪ್ ಕಂಪನಿ ತನ್ನ ಮೊಳೆ ಎರಕದ ಯಂತ್ರಕ್ಕೆ ಬಾಸ್ಕರ್‌ವಿಲ್ ಹೊರತಂದಿತು. ಬ್ರಿಟಿಷ್ ಪುಸ್ತಕಗಳಲ್ಲಿ ಅದು ಮನೆಮಾತಾಯಿತು. ಮೂಲ ಪಂಚ್‌ಗಳನ್ನು 1953ರಲ್ಲಿ ಪ್ಯಾರಿಸ್‌ನ ದೆಬೆರ್ನಿ ಎ ಪೆನ್ಯೋ ಫೌಂಡ್ರಿಯವರು ಕೇಂಬ್ರಿಡ್ಜ್‌ಗೆ ಉಡುಗೊರೆಯಾಗಿ ಕೊಟ್ಟರು.

ಹೆಸರು ಒಂದೇ, ಫಾಂಟ್ ಬೇರೆ

ಆಗಲೇ ನೆನಪಿಡಿ ಅಂದಿದ್ದ ವಿಷಯಕ್ಕೆ ಈಗ ಬರೋಣ. ಲೋಹದ ಕಾಲದಲ್ಲಿ ಪ್ರತಿ ಸೈಜಿಗೂ ಬೇರೆ ಪಂಚ್. ಚಿಕ್ಕ ಸೈಜು ಕೆತ್ತುವಾಗ ಕಸುಬುದಾರ ಸಣ್ಣ ಗೆರೆಯನ್ನು ಸ್ವಲ್ಪ ದಪ್ಪವೇ ಇಡುತ್ತಿದ್ದ, ಅಕ್ಷರವನ್ನು ಚೂರು ಅಗಲ ಮಾಡುತ್ತಿದ್ದ. ದೊಡ್ಡ ಸೈಜಿನಲ್ಲಿ ತನ್ನ ನಾಜೂಕುತನ ತೋರಿಸುತ್ತಿದ್ದ. ಕಂಪ್ಯೂಟರ್‌ನಲ್ಲಿ ಹಾಗಿಲ್ಲ. ಸಾಮಾನ್ಯವಾಗಿ ಒಂದೇ ಚಿತ್ರ ಇರುತ್ತದೆ. 8 ಪಾಯಿಂಟಿಗೂ ಅದೇ, 80 ಪಾಯಿಂಟಿಗೂ ಅದೇ. ದೊಡ್ಡ ಸೈಜಿನ ಅಕ್ಷರ ನೋಡಿ ಬಿಡಿಸಿದ ಫಾಂಟನ್ನು 8ಕ್ಕೆ ಇಳಿಸಿದರೆ ಸಣ್ಣ ಗೆರೆ ಇನ್ನೂ ಸಣ್ಣಗಾಗಿ ಮಾಯವಾಗುತ್ತದೆ.

ಇದಕ್ಕೆ ಆಫ್‌ಸೆಟ್ ಮುದ್ರಣವೂ ಸೇರಿಕೊಂಡಿತು. ಮೊಳೆ ಒತ್ತಿ ಅಚ್ಚು ಹಾಕುವಾಗ ಎಷ್ಟೇ ಎಚ್ಚರ ವಹಿಸಿದರೂ ಮಸಿ ಒಂದಿಷ್ಟು ಹರಡುತ್ತದೆ. ಅಕ್ಷರಕ್ಕೆ ಒಂದಿಷ್ಟು ಮೈ ಬರುತ್ತದೆ. ಆಫ್‌ಸೆಟ್‌ನಲ್ಲಿ ಹಾಗೆ ಒತ್ತುವ ಮೊಳೆಯೇ ಇಲ್ಲ. ಲೋಹದ ಕಾಲದ ನಕ್ಷೆಯನ್ನು ಹಾಗೇ ಇಳಿಸಿಕೊಂಡ ಫಾಂಟ್‌ಗಳು ಅಲ್ಲಿ ಬಡಕಲಾಗಿ ಕಾಣುವುದು ಈ ಕಾರಣಕ್ಕೆ. ಲೇಖನದ ಮೊದಲಿಗೆ ಹೇಳಿದ ಸಪ್ಪೆ ಪುಟದ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ಆದ್ದರಿಂದ ಬಾಸ್ಕರ್‌ವಿಲ್ ಬಳಸುತ್ತೇನೆ ಅಂದರೆ ಸಾಲದು, ಯಾವ ಬಾಸ್ಕರ್‌ವಿಲ್ ಅಂತ ಕೇಳಬೇಕು. ಮೈಕ್ರೋಸಾಫ್ಟ್ ಆಫೀಸ್ ಜೊತೆ ಬರುವ ಬಾಸ್ಕರ್‌ವಿಲ್ ಓಲ್ಡ್ ಫೇಸ್ ನಿಜಕ್ಕೂ ಅವನದಲ್ಲ. 1760ರ ದಶಕದಲ್ಲಿ ಬ್ರಿಸ್ಟಲ್‌ನ ಫ್ರೈ ಫೌಂಡ್ರಿಯವರು ಅವನನ್ನು ನೋಡಿ ಮಾಡಿಸಿದ ಅಕ್ಷರದ ವಂಶ ಅದು. ದಪ್ಪ ಸಣ್ಣದ ಅಂತರ ಬಹಳ. ಶೀರ್ಷಿಕೆಗೆ ಚೆನ್ನಾಗಿದೆ. ಆಫೀಸ್‌ನಲ್ಲಿ ಅದಕ್ಕೆ ನಿಜವಾದ ಇಟಾಲಿಕ್ ಕೂಡ ಇಲ್ಲ. ಇದರಲ್ಲಿ ಪುಸ್ತಕ ಕಂಪೋಸ್ ಮಾಡುವ ಆಸೆ ಬಿಡುವುದು ಒಳ್ಳೆಯದು.

ವೆಬ್‌ಗಾದರೆ ಲಿಬ್ರೆ ಬಾಸ್ಕರ್‌ವಿಲ್ ಇದೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಅಮೆರಿಕನ್ ಟೈಪ್ ಫೌಂಡರ್ಸ್‌ನ 1941ರ ಬಾಸ್ಕರ್‌ವಿಲ್ ನೋಡಿಕೊಂಡು ಇದನ್ನು ಮಾಡಿದ್ದಾರೆ. ಸ್ಕ್ರೀನಿಗಾಗಿ ಸಣ್ಣ ಅಕ್ಷರಗಳ ಎತ್ತರ ಹೆಚ್ಚಿಸಿದ್ದಾರೆ, ಒಳಗಿನ ಜಾಗ ಅಗಲಿಸಿದ್ದಾರೆ, ದಪ್ಪ ಸಣ್ಣದ ಅಂತರ ತಗ್ಗಿಸಿದ್ದಾರೆ. 16 ಪಿಕ್ಸೆಲ್‌ನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನೇ ಪುಸ್ತಕಕ್ಕೆ ತಂದರೆ ಮಾತ್ರ ಪುಟ ಉಬ್ಬಿದ ಹಾಗೆ ಕಾಣುತ್ತದೆ. ದೊಡ್ಡ ದನಿಯಲ್ಲಿ ಮಾತಾಡಿದಂತೆ. ಒಂದೆರಡು ಪಾಯಿಂಟ್ ಇಳಿಸಬೇಕಾಗುತ್ತದೆ.

1996ರಲ್ಲಿ ಫಾಂಟ್ ವಿನ್ಯಾಸಗಾರ್ತಿ ಜುಜಾನಾ ಲಿಚ್ಕೊ ಮಾಡಿದ ಮಿಸೆಸ್ ಈವ್ಸ್ ಅನ್ನುವ ಫಾಂಟ್ ಇನ್ನೊಂದು ದಾರಿ ಹಿಡಿಯಿತು. ಹೆಸರು ಸಾರಾಳದು. ಗಂಡ ಬಿಟ್ಟುಹೋದ ಮೇಲೆ ಸಾರಾ ಈವ್ಸ್ ಮಕ್ಕಳ ಸಮೇತ ಬಾಸ್ಕರ್‌ವಿಲ್ ಮನೆಗೆ ಕೆಲಸಕ್ಕೆ ಬಂದವಳು. ಮೊದಲ ಗಂಡ ಸತ್ತ ನಂತರ, 1764ರಲ್ಲಿ, ಬಾಸ್ಕರ್‌ವಿಲ್‌ನನ್ನು ಮದುವೆಯಾದಳು. ಲಿಚ್ಕೊ ಗಾಜಿನ ನಯದ ಹಿಂದೆ ಹೋಗಲಿಲ್ಲ. ಮೊಳೆ ಒತ್ತಿದಾಗ ಬರುವ ಮೃದುತನವನ್ನು ಆಕಾರದಲ್ಲೇ ತಂದರು. ಪುಸ್ತಕದ ಮುಖಪುಟ, ಆಮಂತ್ರಣ ಪತ್ರ, ಚಿಕ್ಕ ಕವಿತೆಗಳಿಗೆ ಬಹಳ ಒಪ್ಪುತ್ತದೆ. ಅಕ್ಷರಗಳ ನಡುವೆ ಜಾಗ ಜಾಸ್ತಿ ಇರುವುದರಿಂದ ಮುನ್ನೂರು ಪುಟದ ಕಾದಂಬರಿಗೆ ನಾನಂತೂ ಹಾಕುವುದಿಲ್ಲ.

ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಉದ್ದಕ್ಕೆ ಓದುವ ಗದ್ಯ, ಕವಿತೆ, ಇತಿಹಾಸ, ಆತ್ಮಕಥೆ, ಇವಕ್ಕೆಲ್ಲ ಬಾಸ್ಕರ್‌ವಿಲ್ ಸೊಗಸು. 10.5ರಿಂದ 12 ಪಾಯಿಂಟ್ ಇರಲಿ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ, ಅವನೂ ಬಿಟ್ಟಿದ್ದನಲ್ವಾ. ಕಾಗದ ನುಣ್ಣಗಿರಲಿ. ಮಸಿ ಹೀರುವ ಒರಟು ಕಾಗದವೇ ಗತಿ ಅಂದರೆ ಅಂತರ ಕಡಿಮೆ ಇರುವ ಆವೃತ್ತಿ ಆರಿಸಿ, ಇಲ್ಲವೇ ಕ್ಯಾಸ್ಲನ್ ಕಡೆ ಹೋಗಿ.

ಅಡಿಟಿಪ್ಪಣಿ, ಕೋಷ್ಟಕ, ಔಷಧಿ ಚೀಟಿ, ನಕ್ಷೆಯ ಮೇಲಿನ ಹೆಸರು, ಇಂಥ ಕಡೆ ಬೇಡ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾಗಿಯೂ ಕಷ್ಟ. ಅಚ್ಚಿನಲ್ಲಾದರೆ ಸುತ್ತಲಿನ ಮಸಿ ಸಣ್ಣ ಗೆರೆಯೊಳಕ್ಕೆ ನುಗ್ಗಿ ಅದನ್ನು ಅಳಿಸಿಬಿಡುತ್ತದೆ. ದೂರದಿಂದ ಓದುವ ಫಲಕಕ್ಕೆ ಅದರ ಸಣ್ಣ ಗೆರೆಗಳು ಸಾಲುವುದಿಲ್ಲ. ಆದರೆ ಐದಾರು ಅಕ್ಷರದ ಲೋಗೋ ಆದರೆ ಬೇರೆ ಮಾತು. ಕೆನಡಾ ಸರ್ಕಾರದ ಗುರುತಿನಲ್ಲಿ ದೇಶದ ಹೆಸರು ಬಾಸ್ಕರ್‌ವಿಲ್ ಆಧರಿಸಿದ ಅಕ್ಷರದಲ್ಲಿದೆ. ಕೊನೆಯ 'ಎ' ಮೇಲೆ ಪುಟ್ಟ ಬಾವುಟ.

ಒತ್ತು ಕೊಡಬೇಕಾದ ಕಡೆ ಬೋಲ್ಡ್ ಒತ್ತುವ ಅಭ್ಯಾಸ ನಮಗೆಲ್ಲ ಇದೆ. ಬಾಸ್ಕರ್‌ವಿಲ್ ಬೋಲ್ಡ್ ಮಾಡಲೇ ಇಲ್ಲ. ಪಠ್ಯದ ಜೊತೆ ಬೋಲ್ಡ್ ಬೆರೆಸುವ ಪದ್ಧತಿ ಬಂದದ್ದು 19ನೇ ಶತಮಾನದಲ್ಲಿ. ಈಗಿನ ಫಾಂಟ್‌ಗಳ ಬೋಲ್ಡ್ ಆಮೇಲಿನವರು ಸೇರಿಸಿದ್ದು, ಕೆಲವು ಪರವಾಗಿಲ್ಲ, ಹಲವು ದಡೂತಿ. ಇಟಾಲಿಕ್ ಅಷ್ಟು ಚೆನ್ನಾಗಿರುವಾಗ ಅದನ್ನೇ ಬಳಸಬಹುದು. ಶೀರ್ಷಿಕೆಗೆ ಕ್ಯಾಪಿಟಲ್‌ಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಸಾಕು. ಸ್ಮಾಲ್ ಕ್ಯಾಪ್ಸ್, ಅಂದರೆ ಸಣ್ಣ ಅಕ್ಷರಗಳ ಎತ್ತರದ ಕ್ಯಾಪಿಟಲ್‌ಗಳು, ಬೇಕಿದ್ದರೆ ಫಾಂಟಿನಲ್ಲಿ ನಿಜವಾಗಿ ಇದೆಯೋ ನೋಡಿ. ಇಲ್ಲದಿದ್ದರೆ ಸಾಫ್ಟ್‌ವೇರ್ ದೊಡ್ಡ ಅಕ್ಷರವನ್ನೇ ಕುಗ್ಗಿಸಿ ಕೊಡುತ್ತದೆ. ಆಗ ಗೆರೆಗಳು ಅಕ್ಕಪಕ್ಕದ ಅಕ್ಷರಗಳಿಗಿಂತ ತೆಳ್ಳಗಾಗಿ ಆ ಪದ ಮಂಕಾಗಿ ಕಾಣುತ್ತದೆ.

ಬಾಸ್ಕರ್‌ವಿಲ್‌ನಲ್ಲಿ ಬರೆದರೆ ಜನ ನಂಬುತ್ತಾರೆ ಅನ್ನುವ ಮಾತೊಂದು ಓಡಾಡುತ್ತಿರುತ್ತದೆ. ಅದರ ಮೂಲ 2012ರಲ್ಲಿ ಚಿತ್ರ ನಿರ್ದೇಶಕ ಎರಲ್ ಮಾರಿಸ್ ನ್ಯೂಯಾರ್ಕ್ ಟೈಮ್ಸ್ ಜಾಲತಾಣದಲ್ಲಿ ಮಾಡಿದ ಒಂದು ಪರೀಕ್ಷೆ. ಒಂದೇ ಪಠ್ಯವನ್ನು ಆರು ಫಾಂಟ್‌ಗಳಲ್ಲಿ ತೋರಿಸಿ, ಇದು ನಿಜವೇ ಅಂತ ಓದುಗರನ್ನು ಕೇಳಿದರು. ಸುಮಾರು 45,000 ಮಂದಿ ಉತ್ತರಿಸಿದರು. ಬಾಸ್ಕರ್‌ವಿಲ್‌ನಲ್ಲಿ ಓದಿದವರು ಉಳಿದವರಿಗಿಂತ ಸ್ವಲ್ಪ ಜಾಸ್ತಿ ಒಪ್ಪಿಕೊಂಡರು. ಸ್ವಲ್ಪ ಅಂದರೆ ಶೇಕಡಾ ಒಂದೂವರೆಯಷ್ಟು. ಕುತೂಹಲದ ವಿಷಯ ಹೌದು, ಫಾಂಟ್ ಬದಲಿಸಿ ವಾದ ಗೆಲ್ಲುವಷ್ಟು ದೊಡ್ಡದಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಅದೇ ಕಾಗದದ ಮೇಲೆ ಒಂದು ಪುಟ ತೆಗೆಸಿ ನೋಡಿ. ಲೇಸರ್ ಪ್ರಿಂಟ್ ನಂಬಬೇಡಿ, ಅದು ಯಾವಾಗಲೂ ಸ್ವಲ್ಪ ದಪ್ಪವೇ ತೋರಿಸುತ್ತದೆ. ಮೊದಲು ಸಣ್ಣ 'ಇ' ಅಕ್ಷರಗಳನ್ನು ನೋಡಿ. ಇಂಗ್ಲಿಷ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಅಕ್ಷರ ಅದು. ನಡುವಿನ ಅಡ್ಡಗೆರೆ ಫಾಂಟಿನ ಅತಿ ಸಣ್ಣ ಗೆರೆಗಳಲ್ಲಿ ಒಂದು. ಅದು ಎಲ್ಲ ಕಡೆ ತುಂಡಾಗದೆ ಬಂದಿದ್ದರೆ ಅಚ್ಚಿಗೆ ಕೊಡಿ. ನಾಲ್ಕರಲ್ಲಿ ಒಂದು 'ಇ' 'ಸಿ' ಥರ ಕಾಣುತ್ತಿದ್ದರೆ ಸೈಜು ಅರ್ಧ ಪಾಯಿಂಟ್ ಏರಿಸಿ, ಇಲ್ಲವೇ ಬೇರೆ ಬಾಸ್ಕರ್‌ವಿಲ್ ಹಾಕಿ ಇನ್ನೊಂದು ಪುಟ ತೆಗೆಸಿ.